ಅಮೇರಿಕಾ ರಾಜ್ಯಾಂಗಶಾಸನದಲ್ಲಿ ದಾಸ್ಯವಾಚಕ ಶಬ್ದದ ಅಭಾವವೂ ಅದರ ಪರಿಣಾಮವೂ

ಕ್ರಿ. ಶ. ೧೭೮೭ನೆಯ ಇಸವಿ ಸೆಪ್ಟೆಂಬರು ೧೭ನೆಯ ತಾರೀಖು ಫಿಲಡೆಲ್ಫಿಯಾ ನಗರದಲ್ಲಿ ನೆರೆದಿದ್ದ ಸಭೆಯು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗಶಾಸನಕ್ಕೆ ಅಂಕಿತವನ್ನು ಹಾಕಿ ವಿಸರ್ಜಿತವಾಯಿತು. ರುಜು ಮಾಡಿದ ಪ್ರತಿನಿಧಿಗಳು ೩೯ ಮಂದಿ. ಮೂರು ವರ್ಷಗಳ ತರುವಾಯ ನಡೆದ ಮೊದಲನೆಯ ಜನಗಣತಿಯಂತೆ ಆ ರಾಷ್ಟ್ರದ ಒಟ್ಟು ಜನಸಂಖ್ಯೆಯು ೩೯ ಲಕ್ಷಕ್ಕೆ ಮೇಲ್ಪಟ್ಟಿದ್ದು, ಅದರಲ್ಲಿ ಸುಮಾರು ೭ ಲಕ್ಷ ಮಂದಿ ಕ್ರಯವಿಕ್ರಯಗಳಿಗೆ ಒಳಪಟ್ಟ ದಾಸರಾಗಿದ್ದರು. ಹೀಗಿದ್ದರೂ ಆ ಶಾಸನವನ್ನು ಆದ್ಯಂತವಾಗಿ ಓದಿದವನಿಗೆ ದಾಸನೆಂಬ ಶಬ್ದವಾಗಲಿ ದಾಸ್ಯವೆಂಬ ಶಬ್ದವಾಗಲಿ ಎಲ್ಲಿಯೂ ದೊರೆಯುವುದಿಲ್ಲ. ಶಬ್ದವಿಲ್ಲದಿದ್ದರೂ ಅರ್ಥವು ಮೂರು ಸ್ಥಳಗಳಲ್ಲಿ ನಿಸ್ಸಂಶಯವಾಗಿ ಇದೆ. ವಾಚಕವಿಲ್ಲದ ಈ ವಾಚ್ಯವು ೭೮ ವರ್ಷಗಳ ಕಾಲ ಆ ದೇಶದ ಶಾಸನಸಭೆಯನ್ನೂ ನ್ಯಾಯಾಸ್ಥಾನವನ್ನೂ ಕಡೆಗೆ ರಣಭೂಮಿಯನ್ನೂ ಹೇಗೆ ಆವರಿಸಿತೆಂಬುದು ಶಬ್ದಾರ್ಥವಿಚಾರದಲ್ಲಿ ಆಸಕ್ತರಾದವರು ತಿಳಿಯತಕ್ಕ ವಿಷಯವಾಗಿದೆ.

ಮೊದಲನೆಯ ಸ್ಥಳವು ಪ್ರಥಮ ಪ್ರಕರಣದ ದ್ವಿತೀಯ ಖಂಡ. ಪ್ರತಿನಿಧಿಸಭೆಯಲ್ಲಿ ಯಾವ ಯಾವ ಸಂಸ್ಥಾನಕ್ಕೆ ಎಷ್ಟೆಷ್ಟು ಸ್ಥಾನಗಳೆಂಬುದನ್ನು ಜನಸಂಖ್ಯೆಯಿಂದ ನಿರ್ಣಯಿಸತಕ್ಕದ್ದೆಂದು ಅಲ್ಲಿ ವಿಧಿಯಿದೆ. ಸಂಖ್ಯೆಯನ್ನು ಎಣಿಸುವ ಕ್ರಮವು ವಿಚಿತ್ರವಾದದ್ದು. ಸ್ವತಂತ್ರರಾದವರೆಲ್ಲರನ್ನೂ ಎಣಿಸಬೇಕು, ನಿಯತವಾದ ಕೆಲವು ವರ್ಷಗಳ ಸೇವೆಗೆ ಕಟ್ಟುಬಿದ್ದವರನ್ನೂ ಅವರೊಡನೆ ಸೇರಿಸಬೇಕು, ತೆರಿಗೆ ಕೊಡದ ಮೂಲನಿವಾಸಿಗಳನ್ನು ಬಿಡಬೇಕು, ಇಷ್ಟರ ಮೇಲೆ ಮಿಕ್ಕ ಇತರ ವ್ಯಕ್ತಿಗಳ ಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲನ್ನು ಕೂಡಿಸಬೇಕು. ಆ ಇತರ ವ್ಯಕ್ತಿಗಳು ಯಾರೆಂದು ಶಾಸನವು ಹೇಳುವುದಿಲ್ಲ. ಸ್ವತಂತ್ರರನ್ನು ತೆಗೆದು, ಅವಧಿಯ ಸೇವಕರನ್ನು ತೆಗೆದು, ಮೂಲನಿವಾಸಿಗಳನ್ನು ತೆಗೆದರೆ ಉಳಿಯುವವರು ಯಾರೋ ಅವರೇ ಎಂದು ಪರಿಶೇಷನ್ಯಾಯದಿಂದ ಗ್ರಹಿಸಿಕೊಳ್ಳಬೇಕು. ಹೀಗೆ ಎಣಿಸಲ್ಪಟ್ಟವರಿಗೆ ಮತವನ್ನು ಕೊಡುವ ಹಕ್ಕು ಇರಲಿಲ್ಲ. ಅವರ ಎಣಿಕೆಯಿಂದ ಬಂದ ಸ್ಥಾನಗಳು ಅವರ ಒಡೆಯರ ಪಕ್ಷಕ್ಕೆ ಬಲವಾದುವು. ಅಧ್ಯಕ್ಷನನ್ನು ಆರಿಸುವ ಮತದಾರಮಂಡಲಿಯ ಸಂಖ್ಯೆಯೂ ಇದನ್ನೇ ಅನುಸರಿಸುತ್ತಿದ್ದುದರಿಂದ ಆ ಬಲವು ಅಲ್ಲಿಯೂ ಸಂಕ್ರಮಿಸಿತು.

ಎರಡನೆಯದು ಅದೇ ಪ್ರಕರಣದ ನವಮ ಖಂಡ. ಅಂದಿನ ಸಂಸ್ಥಾನಗಳು ಯಾವ ವ್ಯಕ್ತಿಗಳನ್ನು ಒಳಗೆ ಬಿಟ್ಟುಕೊಳ್ಳುವುದು ಯುಕ್ತವೆಂದು ಎಣಿಸುವುವೋ ಅಂಥವರ ಬರವನ್ನು ಅಥವಾ ತರಿಸುವಿಕೆಯನ್ನು ಕಾಂಗ್ರೆಸ್ಸು ೧೮೦೮ನೆಯ ಇಸವಿಗೆ ಮುಂಚೆ ನಿಷೇಧಿಸಕೂಡದು, ತಲೆಗೆ ೧೦ ಡಾಲರಿಗೆ ಮೀರದ ಸುಂಕವನ್ನು ಮಾತ್ರ ಹಾಕಬಹುದು, ಎಂಬುದು ಅದರ ತಾತ್ಪರ್ಯ. ಪಂಚಮ ಪ್ರಕರಣವು, ಆ ವರ್ಷದವರೆಗೆ ಈ ವಾಕ್ಯವನ್ನು ತಿದ್ದುಪಡಿಯಿಂದಲೂ ಮುಟ್ಟಕೂಡದೆಂದು ಬೇಲಿಯನ್ನು ಹಾಕಿತು. ತರಿಸುವುದು, ಸುಂಕ, ಇವೆರಡೂ ಸರಕಿಗೆ ಸಲ್ಲುವ ಮಾತುಗಳು. ವ್ಯಕ್ತಿ ಎಂಬುದು ಮನುಷ್ಯನಿಗೆ ಸಲ್ಲುವ ಮಾತು. ಒಂದೇ ವಾಕ್ಯದಲ್ಲಿ ಇವು ಒಟ್ಟಿಗೆ ಕುಳಿತಿವೆ.

ಮೂರನೆಯದು ಚತುರ್ಥ ಪ್ರಕರಣದ ದ್ವಿತೀಯ ಖಂಡ. ಒಂದು ಸಂಸ್ಥಾನದ ಕಾನೂನಿನಂತೆ ಸೇವೆಗೆ ಅಥವಾ ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿಯು ಮತ್ತೊಂದು ಸಂಸ್ಥಾನಕ್ಕೆ ತಪ್ಪಿಸಿಕೊಂಡು ಹೋದರೆ ಅಲ್ಲಿಯ ಕಾನೂನಿನಿಂದ ಅವನಿಗೆ ಬಿಡುಗಡೆಯಾಗಕೂಡದು, ಆ ಸೇವೆಯು ಯಾರಿಗೆ ಸಲ್ಲಬೇಕೋ ಅವರ ಕೇಳಿಕೆಯ ಮೇಲೆ ಅವನು ಒಪ್ಪಿಸಲ್ಪಡತಕ್ಕದ್ದು, ಎಂದು ಇಲ್ಲಿ ವಿಧಿಸಿದೆ. ಈ ಕರ್ಮಣಿಪ್ರಯೋಗದಿಂದ ಬಂದ ಫಲವನ್ನು ಮುಂದೆ ಹೇಳಲಾಗುವುದು.

ಶಬ್ದವನ್ನು ಬಿಟ್ಟದ್ದು ಅಜಾಗರೂಕತೆಯಿಂದಲ್ಲ. ಸಭೆಯ ಕಲಾಪಗಳನ್ನು ದಿನದಿನವೂ ಬರೆದಿಟ್ಟುಕೊಂಡ ಜೇಮ್ಸ್ ಮ್ಯಾಡಿಸನ್ನನ ಟಿಪ್ಪಣಿಗಳು ಅವನ ಮರಣಾನಂತರ ೧೮೪೦ರಲ್ಲಿ ಅಚ್ಚಾದುವು. ಅವುಗಳಿಂದ ತಿಳಿಯುವುದೇನೆಂದರೆ: ಆಗಸ್ಟ್ ೨೫ನೆಯ ತಾರೀಖು, ಪೆನ್ಸಿಲ್ವೇನಿಯದ ಗವರ್ನೂರ್ ಮಾರಿಸನು (ಗವರ್ನೂರ್ ಎಂಬುದು ಅವನ ಹೆಸರೇ ಹೊರತು ಅಧಿಕಾರವಲ್ಲ) ದಾಸರನ್ನು ತರಿಸುವುದೆಂದೇ ಬಿಚ್ಚಿ ಬರೆದು, ಅದನ್ನು ಬೇಡುತ್ತಿರುವ ಉತ್ತರ ಕೆರೊಲಿನ, ದಕ್ಷಿಣ ಕೆರೊಲಿನ, ಜಾರ್ಜಿಯ ಸಂಸ್ಥಾನಗಳ ಹೆಸರನ್ನೂ ಕಾಣಿಸೋಣವೆಂದನು. ಕನೆಕ್ಟಿಕಟ್ಟಿನ ರೋಜರ್ ಶರ್ಮನ್ನನು ಆ ಶಬ್ದವು ಕೆಲವರಿಗೆ ಹಿಡಿಸದಾದ್ದರಿಂದ ವರ್ಣನೆಯೇ ಲೇಸೆಂದನು. ಮನುಷ್ಯರಲ್ಲಿ ಸ್ವತ್ತು ಇರಬಹುದೆಂಬ ಭಾವನೆಯನ್ನು ರಾಜ್ಯಾಂಗಶಾಸನದೊಳಕ್ಕೆ ಬಿಟ್ಟುಕೊಳ್ಳುವುದು ತಪ್ಪೆಂದು ಮ್ಯಾಡಿಸನ್ನನು ಅದೇ ದಿನ ನುಡಿದನು. ಅವನ ಮನೆಯಲ್ಲಿಯೂ ದಾಸರಿದ್ದರೆಂಬುದನ್ನು ಮರೆಯತಕ್ಕದ್ದಲ್ಲ. ಶಾಸನಕ್ಕೆ ರುಜು ಮಾಡದೆ ಹೊರಟುಹೋದ ಮೇರಿಲ್ಯಾಂಡಿನ ಲೂಥರ್ ಮಾರ್ಟಿನ್ನನು ತನ್ನ ಸಂಸ್ಥಾನದವರಿಗೆ ಒಪ್ಪಿಸಿದ ವರದಿಯಲ್ಲಿ, ಅಮೇರಿಕದವರ ಕಿವಿಗೆ ಕಠೋರವಾದ ಮಾತುಗಳನ್ನು ದೂರವಿಡಲು ಸಭೆಯವರು ಬಹಳ ಶ್ರಮಪಟ್ಟರು, ಆ ಮಾತುಗಳು ಹೇಳುವ ವಸ್ತುವನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ ಮಾತ್ರ ಒಪ್ಪಿದ್ದರು, ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಇದಕ್ಕಿಂತ ನೇರವಾದ ಟೀಕೆಯನ್ನು ನಂತರದವರಾರೂ ಬರೆದಂತೆ ಕಾಣುವುದಿಲ್ಲ.

ಎರಡು ಶಬ್ದಪರಿವರ್ತನೆಗಳು ವಿಶೇಷವಾಗಿ ಗಮನಿಸತಕ್ಕವು. ಸೆಪ್ಟೆಂಬರು ೧೩ರಂದು ವರ್ಜೀನಿಯದ ಎಡ್ಮಂಡ್ ರ‍್ಯಾಂಡಾಲ್ಫನ ಸೂಚನೆಯಂತೆ, ಅವಧಿಯ ಸೇವಕರನ್ನು ಹೇಳುವ ಸ್ಥಳದಲ್ಲಿದ್ದ ದಾಸ್ಯಾರ್ಥಕವಾದ ಪದವನ್ನು ಕಿತ್ತು ಸೇವೆ ಎಂಬರ್ಥದ ಪದವನ್ನು ಸರ್ವಾನುಮತದಿಂದ ಇಟ್ಟರು. ಮೊದಲನೆಯದು ದಾಸರ ಸ್ಥಿತಿಯನ್ನು, ಎರಡನೆಯದು ಸ್ವತಂತ್ರರ ಋಣವನ್ನು ಬೋಧಿಸುವುದೆಂಬುದು ಕಾರಣ. ಎರಡು ದಿನಗಳ ಮೇಲೆ, ಓಡಿಹೋದವರ ವಾಕ್ಯದಲ್ಲಿ ನ್ಯಾಯವಾಗಿ ಕಟ್ಟುಬಿದ್ದ ಎಂದು ಇದ್ದುದನ್ನು ತೆಗೆದು, ಆ ಸಂಸ್ಥಾನದ ಕಾನೂನಿನ ಮೇರೆಗೆ ಕಟ್ಟುಬಿದ್ದ ಎಂದು ತಿದ್ದಿದರು. ಮೊದಲಿನ ಮಾತು ದಾಸ್ಯವು ಧರ್ಮದೃಷ್ಟಿಯಿಂದಲೂ ನ್ಯಾಯವೆಂದು ತೋರಿಸಬಹುದೆಂಬ ಶಂಕೆಯು ಕೆಲವರಿಗೆ ಬಂದಿತ್ತು. ಇದು ಅಲ್ಪವಾದ ತಿದ್ದುಪಡಿಯಂತೆ ತೋರಿದರೂ, ದಾಸ್ಯಕ್ಕೆ ಆಧಾರವು ರಾಷ್ಟ್ರದ ಶಾಸನವಲ್ಲ, ಆಯಾ ಸಂಸ್ಥಾನದ ಕಾನೂನು ಮಾತ್ರ, ಎಂಬ ವಾದಕ್ಕೆ ಬೀಜವು ಇಲ್ಲಿ ಬಿದ್ದಿತು.

ಸೇವೆಗೂ ದಾಸ್ಯಕ್ಕೂ ಇರುವ ಈ ಭೇದವು ನಮ್ಮ ಶಾಸ್ತ್ರಜ್ಞರಿಗೆ ಹೊಸದಲ್ಲ. ನಾರದಸ್ಮೃತಿಯು ಶುಶ್ರೂಷಕರನ್ನು ಐದು ವಿಧವಾಗಿ ವಿಂಗಡಿಸಿ, ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕರ ಎಂಬ ನಾಲ್ವರನ್ನು ಕರ್ಮಕರರೆಂದೂ, ಐದನೆಯವನನ್ನು ದಾಸನೆಂದೂ ಹೇಳಿ, ಆ ದಾಸರಲ್ಲಿ ಹದಿನೈದು ಬಗೆಗಳನ್ನು ಎಣಿಸುತ್ತದೆ. ಮನುವು ಏಳು ಬಗೆಗಳನ್ನು ಹೇಳಿದ್ದಾನೆ. ಸ್ಮೃತಿಕಾರರು ದಾಸ್ಯವನ್ನು ಒಪ್ಪಿದ್ದರು. ಹೆಸರಿಟ್ಟು ಕರೆಯುವುದಕ್ಕೆ ಸಂಕೋಚಪಡಲಿಲ್ಲ. ಫಿಲಡೆಲ್ಫಿಯಾದವರು ಒಪ್ಪಿದರು, ಹೆಸರಿಸಲಿಲ್ಲ. ಕನ್ನಡದಲ್ಲಿ ಈ ವಿಷಯವನ್ನು ಬರೆಯುವವನಿಗೆ ಬೇರೊಂದು ತೊಡಕುಂಟು. ಹರಿದಾಸರ ಪರಂಪರೆಯಿಂದ ದಾಸಶಬ್ದವು ಪೂಜ್ಯವಾಗಿಬಿಟ್ಟಿದೆ. ಜೀತವೆಂಬುದು ಮೂಲದಲ್ಲಿ ಜೀವಿತದ ತದ್ಭವವಾಗಿ ಸಂಬಳವೆಂಬ ಅರ್ಥದಲ್ಲಿದ್ದು ಕ್ರಮೇಣ ಕೀಳಾಯಿತು. ತೊತ್ತು ಎಂಬುದು ಬೈಗುಳದಲ್ಲಿ ಉಳಿದಿದೆ. ಗುಲಾಮನೆಂಬ ಪರಭಾಷಾಪದವೇ ಈಗ ಸ್ಪಷ್ಟಾರ್ಥವುಳ್ಳದ್ದು. ಪ್ರಕೃತ ಲೇಖನದಲ್ಲಿ ದಾಸಶಬ್ದವನ್ನು ಸ್ಮೃತಿಗಳ ಅರ್ಥದಲ್ಲಿಯೇ ಗ್ರಹಿಸತಕ್ಕದ್ದು.

ಫಿಲಡೆಲ್ಫಿಯಾದಲ್ಲಿ ಈ ಸಭೆಯು ನಡೆಯುತ್ತಿದ್ದಾಗಲೇ ನ್ಯೂಯಾರ್ಕಿನಲ್ಲಿ ಹಳೆಯ ಕಾಂಗ್ರೆಸ್ಸು ಕೂಡಿ, ಜುಲೈ ೧೩ರಂದು, ಓಹಾಯೊ ನದಿಯ ವಾಯವ್ಯಕ್ಕಿರುವ ಪ್ರಾಂತಗಳ ಆಡಳಿತಕ್ಕೆ ಒಂದು ಶಾಸನವನ್ನು ಮಾಡಿತು. ಅದರ ಆರನೆಯ ವಿಧಿಯಲ್ಲಿ, ಅಪರಾಧಕ್ಕೆ ಶಿಕ್ಷೆಯಾಗಿ ಹೊರತು ಆ ಪ್ರಾಂತದಲ್ಲಿ ದಾಸ್ಯವಾಗಲಿ ಬಲಾತ್ಕಾರದ ಸೇವೆಯಾಗಲಿ ಇರಕೂಡದೆಂದು ಶಬ್ದವನ್ನು ಎತ್ತಿ ಹೇಳಿದೆ. ಅದೇ ವಿಧಿಯ ಉತ್ತರಾರ್ಧದಲ್ಲಿ, ಓಡಿಬಂದವರನ್ನು ಹಿಡಿದೊಪ್ಪಿಸುವ ಪ್ರಸಂಗ ಬಂದೊಡನೆ, ಶಬ್ದವು ಮರೆಯಾಗಿ, ದುಡಿಮೆ ಅಥವಾ ಸೇವೆ ಸಲ್ಲಬೇಕಾದ ವ್ಯಕ್ತಿ ಎಂಬ ಬಳಸುಮಾತು ಬರುತ್ತದೆ. ನಿಷೇಧಿಸುವಾಗ ಹೆಸರು, ಅನುಮತಿಸುವಾಗ ವರ್ಣನೆ: ಈ ಎರಡು ರೀತಿಗಳೂ ಒಂದೇ ವಿಧಿಯೊಳಗೆ ಪಕ್ಕಪಕ್ಕದಲ್ಲಿರುವುದು ಅಲ್ಲಿಯ ಶಾಸನಕಾರರ ಮನಸ್ಸನ್ನು ತಿಳಿಯಲು ಒಳ್ಳೆಯ ಸಾಧನವಾಗಿದೆ.

ಇನ್ನು ಶಾಸನಾಧಿಕಾರದ ವಿಚಾರ. ಅಮೇರಿಕಾ ಪದ್ಧತಿಯಲ್ಲಿ ಕಾಂಗ್ರೆಸ್ಸಿಗೆ ಎಣಿಸಿಕೊಟ್ಟ ಅಧಿಕಾರಗಳು ಮಾತ್ರವಿದ್ದು, ಎಣಿಸದೆ ಉಳಿದವು ಸಂಸ್ಥಾನಗಳಿಗೆ ಸೇರಿದವು. ದಾಸರನ್ನು ಬಿಡಿಸುವ ಅಧಿಕಾರವು ಆ ಪಟ್ಟಿಯಲ್ಲಿರಲಿಲ್ಲ. ಈ ಅಂಶವನ್ನೇ ಮುಂದಿಟ್ಟು ಜನರಲ್ ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿಯು ೧೭೮೮ರ ಜನವರಿಯಲ್ಲಿ ದಕ್ಷಿಣ ಕೆರೊಲಿನದ ಸಭೆಗೆ ಭರವಸೆಯನ್ನು ಕೊಟ್ಟನು. ೧೭೯೦ರ ಫೆಬ್ರವರಿಯಲ್ಲಿ ಕ್ವೇಕರರೂ, ಬೆಂಜಮಿನ್ ಫ್ರಾಂಕ್ಲಿನ್ನನು ಅಧ್ಯಕ್ಷನಾಗಿದ್ದ ಪೆನ್ಸಿಲ್ವೇನಿಯದ ದಾಸ್ಯವಿರೋಧಿ ಸಂಘದವರೂ ಕಾಂಗ್ರೆಸ್ಸಿಗೆ ಬಿನ್ನವತ್ತಳೆಗಳನ್ನು ಒಪ್ಪಿಸಿದಾಗ, ಪ್ರತಿನಿಧಿಸಭೆಯು ಕೋಪತಾಪಗಳಿಂದ ಕೂಡಿದ ಚರ್ಚೆಯ ನಂತರ ಮಾರ್ಚಿ ೨೩ರಂದು, ಸಂಸ್ಥಾನಗಳೊಳಗಣ ದಾಸರ ವಿಮೋಚನೆಯಲ್ಲಿಯೂ ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿಯೂ ಕೈಹಾಕಲು ಕಾಂಗ್ರೆಸ್ಸಿಗೆ ಅಧಿಕಾರವಿಲ್ಲವೆಂದು ದಾಖಲೆ ಮಾಡಿತು. ಫ್ರಾಂಕ್ಲಿನ್ನನು ಏಪ್ರಿಲ್ ೧೭ರಂದು ಕಾಲವಾದನು. ೧೮೦೮ನೆಯ ಜನವರಿ ೧ರಿಂದ ಹೊರದೇಶಗಳಿಂದ ದಾಸರನ್ನು ತರಿಸುವುದು ನಿಂತಿತೆಂದು ೧೮೦೭ರ ಕಾನೂನು ಹೇಳಿತು; ಒಳವ್ಯಾಪಾರವು ನಿಲ್ಲಲಿಲ್ಲ.

ಸಂಸ್ಥಾನಗಳೊಳಗೆ ಅಧಿಕಾರವಿಲ್ಲ ಸರಿ. ಇನ್ನೂ ಸಂಸ್ಥಾನಗಳಾಗದ ಪಶ್ಚಿಮದ ಪ್ರಾಂತಗಳಲ್ಲಿ? ರಾಷ್ಟ್ರಕ್ಕೆ ಸೇರಿದ ಪ್ರಾಂತದ ವಿಷಯವಾಗಿ ಅವಶ್ಯವಾದ ನಿಯಮಗಳನ್ನು ಕಾಂಗ್ರೆಸ್ಸು ಮಾಡಬಹುದೆಂದು ಚತುರ್ಥ ಪ್ರಕರಣದ ತೃತೀಯ ಖಂಡದಲ್ಲಿದೆ. ಈ ನಿಯಮಶಬ್ದದ ವ್ಯಾಪ್ತಿ ಎಷ್ಟು? ಮಿಸೂರಿಯು ಸಂಸ್ಥಾನಪದವಿಯನ್ನು ಬೇಡಿದಾಗ ೧೮೧೯ರಲ್ಲಿ ಪ್ರಶ್ನೆಯು ಹೊತ್ತಿಕೊಂಡಿತು. ೧೮೨೦ರ ಸಂಧಾನದಂತೆ ಮಿಸೂರಿಯನ್ನು ದಾಸ್ಯವುಳ್ಳ ಸಂಸ್ಥಾನವಾಗಿಯೂ ಮೇಯ್ನನ್ನು ದಾಸ್ಯರಹಿತವಾದ ಸಂಸ್ಥಾನವಾಗಿಯೂ ಸೇರಿಸಿಕೊಂಡು, ಲೂಯಿಸಿಯಾನ ಕ್ರಯದಿಂದ ಬಂದ ಉಳಿದ ಭೂಮಿಯಲ್ಲಿ ೩೬ ಅಂಶ ೩೦ ಕಲೆಗಳ ಉತ್ತರ ಅಕ್ಷಾಂಶಕ್ಕೆ ಮೇಲೆ ದಾಸ್ಯವನ್ನು ಎಂದೆಂದಿಗೂ ನಿಷೇಧಿಸಿದರು. ಅಧ್ಯಕ್ಷ ಜೇಮ್ಸ್ ಮನ್ರೋ ರುಜು ಹಾಕುವ ಮುನ್ನ ತನ್ನ ಮಂತ್ರಿಗಳನ್ನು ಪ್ರಶ್ನಿಸಿದನು. ಕಾಂಗ್ರೆಸ್ಸಿಗೆ ನಿಷೇಧಾಧಿಕಾರವುಂಟೆಂಬುದಕ್ಕೆ ಎಲ್ಲರೂ ಒಪ್ಪಿದರು. ದಕ್ಷಿಣದವನಾದ ಕಾಲ್ಹೂನನೂ ಒಪ್ಪಿದನು. ಎಂದೆಂದಿಗೂ ಎಂಬ ಪದದಲ್ಲಿ ಮಾತ್ರ ಭೇದ ಹುಟ್ಟಿತು. ಅದು ಪ್ರಾಂತವಾಗಿರುವವರೆಗೆ ಎಂದರ್ಥವೋ, ಸಂಸ್ಥಾನವಾದ ಮೇಲೂ ಎಂದರ್ಥವೋ? ಎಲ್ಲರೂ ಒಂದೇ ಉತ್ತರವನ್ನು ಕೊಡುವಂತೆ ಕಡೆಗೆ ಪ್ರಶ್ನೆಯನ್ನೇ ಬದಲಾಯಿಸಿ, ಆ ಖಂಡವು ರಾಜ್ಯಾಂಗಕ್ಕೆ ಅವಿರುದ್ಧವೇ ಎಂದಷ್ಟೇ ಕೇಳಲಾಯಿತು. ಹೌದೆಂದು ಪ್ರತಿಯೊಬ್ಬನೂ ತನ್ನ ತನ್ನ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದನು. ಮಂತ್ರಿಗಳಲ್ಲೊಬ್ಬನಾದ ಜಾನ್ ಕ್ವಿನ್ಸಿ ಆಡಮ್ಸನ ದಿನಚರಿಯಲ್ಲಿ ಈ ವೃತ್ತಾಂತವಿದೆ. ಇದೇ ಆಡಮ್ಸನು ಅಧ್ಯಕ್ಷಪದವಿಯಿಂದಿಳಿದ ಮೇಲೆ ಪ್ರತಿನಿಧಿಸಭೆಯ ಸಾಮಾನ್ಯ ಸದಸ್ಯನಾಗಿ, ದಾಸ್ಯವಿಷಯಕವಾದ ಬಿನ್ನವತ್ತಳೆಗಳನ್ನು ಓದದೆ ಬದಿಗಿಡತಕ್ಕದ್ದೆಂದು ೧೮೩೬ರಲ್ಲಿ ಆ ಸಭೆಯು ಮಾಡಿಕೊಂಡ ಮೌನನಿಯಮದೊಡನೆ ಎಂಟು ವರ್ಷ ಹೋರಾಡಿ ೧೮೪೪ರಲ್ಲಿ ಅದನ್ನು ತೆಗೆಸಿದನು.

ಈಗ ಕರ್ಮಣಿಪ್ರಯೋಗಕ್ಕೆ ಬರಬಹುದು. ಓಡಿಹೋದವನು ಒಪ್ಪಿಸಲ್ಪಡತಕ್ಕದ್ದು ಎಂದಿದೆ, ಯಾರು ಒಪ್ಪಿಸಬೇಕು? ಕರ್ತೃಪದವಿಲ್ಲ. ಅದೇ ಪ್ರಕರಣದ ಪ್ರಥಮ ಖಂಡದಲ್ಲಿ ಕಾಂಗ್ರೆಸ್ಸು ಸಾಮಾನ್ಯ ಕಾನೂನುಗಳಿಂದ ವಿಧಿಸಬಹುದೆಂದು ಕರ್ತೃವನ್ನು ಹೇಳಿದೆ, ಇಲ್ಲಿ ಹೇಳಿಲ್ಲ. ಒಂದು ಕಡೆ ಹೇಳಿ ಮತ್ತೊಂದು ಕಡೆ ಬಿಟ್ಟದ್ದರಿಂದ ಇಲ್ಲಿ ಕಾಂಗ್ರೆಸ್ಸಿಗೆ ಅಧಿಕಾರವೇ ಇಲ್ಲವೆಂದು ವ್ಯಾಕರಣಜ್ಞನಾದವನು ಊಹಿಸಿದರೆ ತಪ್ಪೆನ್ನಲಾಗದು. ಆದರೂ ಕಾಂಗ್ರೆಸ್ಸು ೧೭೯೩ರಲ್ಲಿ ಹಿಡಿದೊಪ್ಪಿಸುವ ಕಾನೂನನ್ನು ಮಾಡಿತು. ೧೮೪೨ರಲ್ಲಿ ಪ್ರಿಗ್ ಎಂಬುವನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪನ್ನು ಬರೆದ ಜೋಸೆಫ್ ಸ್ಟೋರಿಯು, ಹಕ್ಕು ರಾಷ್ಟ್ರಶಾಸನದಿಂದ ಹುಟ್ಟಿದ್ದಾದ್ದರಿಂದ ಅದನ್ನು ನಡೆಸುವ ಅಧಿಕಾರವೂ ರಾಷ್ಟ್ರದ್ದೇ, ಸಂಸ್ಥಾನಗಳ ಅಧಿಕಾರಿಗಳನ್ನು ಬಲವಂತಪಡಿಸಲಾಗದು, ಎಂದು ನಿರ್ಣಯಿಸಿದನು. ಅಧ್ಯಾಹಾರದಿಂದ ತಂದ ಈ ಕರ್ತೃವಿನ ಬಲದಿಂದ ಬಂದದ್ದು ೧೮೫೦ರ ಕಾನೂನು. ಅದರಂತೆ ಹಿಡಿಯಲ್ಪಟ್ಟವನಿಗೆ ಪಂಚಾಯ್ತರ ವಿಚಾರಣೆಯಿಲ್ಲ. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತಿಲ್ಲ. ವಿಚಾರಿಸುವ ಕಮಿಷನರನಿಗೆ, ಅವನನ್ನು ಒಡೆಯನಿಗೆ ಒಪ್ಪಿಸಿದರೆ ೧೦ ಡಾಲರು, ಬಿಟ್ಟರೆ ೫ ಡಾಲರು ಶುಲ್ಕ. ಕಾಗದದ ಕೆಲಸವು ಹೆಚ್ಚೆಂಬುದು ಈ ವ್ಯತ್ಯಾಸಕ್ಕೆ ಹೇಳಿದ ಸಮಾಧಾನ. ಸಂಸ್ಥಾನಗಳ ಹಕ್ಕಿಗಾಗಿ ಎಂದೂ ಕೂಗುತ್ತಿದ್ದ ದಕ್ಷಿಣದವರೇ ಉತ್ತರದ ಸಂಸ್ಥಾನಗಳ ಮೇಲೆ ರಾಷ್ಟ್ರದ ಈ ಅಧಿಕಾರವನ್ನು ಹೇರಿಸಿದರೆಂಬುದು ಇಲ್ಲಿ ಲಕ್ಷಿಸತಕ್ಕದ್ದು.

ದಾಸ್ಯವಿರೋಧಿಗಳಲ್ಲಿಯೇ ಶಾಸನದ ಅರ್ಥದ ಬಗೆಗೆ ಎರಡು ಪಕ್ಷಗಳಾದುವು. ಮ್ಯಾಡಿಸನ್ನನ ಟಿಪ್ಪಣಿಗಳು ಅಚ್ಚಾದ ಮೇಲೆ ಅವನ್ನು ಪ್ರಮಾಣವಾಗಿ ಹಿಡಿದು, ರಚಿಸಿದವರ ವಿವಕ್ಷೆಯು ಸ್ಪಷ್ಟವಾಗಿರುವುದರಿಂದ ಇದು ದಾಸ್ಯದೊಡನೆ ಮಾಡಿಕೊಂಡ ಕರಾರೇ ಸರಿ ಎಂದು ವೆಂಡೆಲ್ ಫಿಲಿಪ್ಸನು ೧೮೪೪ರಲ್ಲಿ ಸಾಧಿಸಿದನು. ಆ ಪಕ್ಷದ ನಾಯಕನಾದ ವಿಲಿಯಂ ಲಾಯ್ಡ್ ಗ್ಯಾರಿಸನ್ನನು ೧೮೫೪ರ ಜುಲೈ ೪ರಂದು ಶಾಸನದ ಪ್ರತಿಯೊಂದನ್ನು ಸಭೆಯಲ್ಲಿಯೇ ಸುಟ್ಟನು. ಲೈಸಾಂಡರ್ ಸ್ಪೂನರನು ೧೮೪೫ರಲ್ಲಿ ಇದಕ್ಕೆ ಪ್ರತಿಯಾಗಿ, ಮೂಲಭೂತವಾದ ಹಕ್ಕುಗಳನ್ನು ಕಳೆಯುವ ಉದ್ದೇಶವು ಶಾಸನದಲ್ಲಿ ತಡೆಯಲಾಗದಷ್ಟು ಸ್ಪಷ್ಟವಾದ ಮಾತಿನಿಂದ ಹೇಳಲ್ಪಟ್ಟಿರಬೇಕೆಂದು ಮುಖ್ಯ ನ್ಯಾಯಾಧಿಪತಿ ಜಾನ್ ಮಾರ್ಷಲನು ೧೮೦೫ರಲ್ಲಿ ವಿಧಿಸಿದ ವ್ಯಾಖ್ಯಾನನಿಯಮವನ್ನು ಎತ್ತಿ ಹಿಡಿದನು. ಶಬ್ದವಿಲ್ಲದ ಕಡೆ ದಾಸ್ಯವೂ ಇಲ್ಲವೆಂದು ಅವನ ವಾದ. ದಾಸ್ಯದಲ್ಲಿಯೇ ಹುಟ್ಟಿ ಬೆಳೆದು ೧೮೩೮ರಲ್ಲಿ ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಸನು ಮೊದಲು ಗ್ಯಾರಿಸನ್ನನ ಅನುಯಾಯಿಯಾಗಿದ್ದು, ೧೮೫೧ರಲ್ಲಿ ಮತವನ್ನು ಬದಲಿಸಿದನು. ಜನರು ಅಂಗೀಕರಿಸಿದ್ದು ಬರೆದ ಪಾಠವನ್ನೇ ಹೊರತು, ಮುಚ್ಚಿದ ಬಾಗಿಲೊಳಗೆ ಯಾರೋ ಆಡಿದ ಮಾತನ್ನಲ್ಲ, ಎಂಬ ಅವನ ಯುಕ್ತಿಯನ್ನು ಕೇಳಿದರೆ ಮೀಮಾಂಸಕರ ನೆನಪಾಗುತ್ತದೆ. ವೇದಕ್ಕೆ ಕರ್ತೃವಿಲ್ಲವಾದ್ದರಿಂದ ವಕ್ತೃವಿನ ಇಚ್ಛೆಯನ್ನು ಹುಡುಕದೆ ಶಬ್ದಶಕ್ತಿಯಿಂದಲೇ ಅರ್ಥವನ್ನು ನಿರ್ಣಯಿಸಬೇಕೆಂಬುದು ಅವರ ಸಿದ್ಧಾಂತ. ಕರ್ತೃಗಳು ೩೯ ಮಂದಿ ಇದ್ದೂ ಡಗ್ಲಸನು ಶಾಸನವನ್ನು ಅಪೌರುಷೇಯದಂತೆ ಓದಿದನು. ಇತಿಹಾಸದೃಷ್ಟಿಯಿಂದ ಫಿಲಿಪ್ಸನ ಪಕ್ಷವು ಬಲವಾದದ್ದೆಂದು ಒಪ್ಪಲೇಬೇಕು. ಆದರೆ ಆ ಪಕ್ಷದಿಂದ ದಾಸನಿಗೆ ಉಳಿಯುವ ಆಶ್ರಯವು ರಾಷ್ಟ್ರವನ್ನು ಒಡೆಯುವುದೊಂದೇ. ಡಗ್ಲಸನ ಓದಿನಲ್ಲಿ ಶಾಸನವೇ ಅವನಿಗೆ ಆಯುಧವಾಗುತ್ತಿತ್ತು.

ಈ ಅರ್ಥವಿವಾದವೆಲ್ಲವೂ ಒಬ್ಬ ಮನುಷ್ಯನ ಮೇಲೆ ಬಂದು ನಿಂತಿತು. ಡ್ರೆಡ್ ಸ್ಕಾಟ್ ಎಂಬುವನನ್ನು ಅವನ ಒಡೆಯನಾದ ಸೈನ್ಯದ ವೈದ್ಯನು ದಾಸ್ಯರಹಿತವಾದ ಇಲಿನಾಯ್ ಸಂಸ್ಥಾನಕ್ಕೂ, ಅಲ್ಲಿಂದ ೧೮೨೦ರ ಸಂಧಾನದಿಂದ ದಾಸ್ಯನಿಷಿದ್ಧವಾದ ಉತ್ತರಪ್ರಾಂತದ ಸ್ನೆಲ್ಲಿಂಗ್ ಕೋಟೆಗೂ ಕರೆದೊಯ್ದಿದ್ದನು. ಅಲ್ಲಿ ವಾಸಿಸಿದ್ದರಿಂದ ತನಗೂ ತನ್ನ ಹೆಂಡತಿ ಹ್ಯಾರಿಯೆಟ್ಟಳಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಬಿಡುಗಡೆಯಾಯಿತೆಂದು ಅವನು ೧೮೪೬ರಲ್ಲಿ ಸೇಂಟ್ ಲೂಯಿ ನಗರದಲ್ಲಿ ದಾವಾ ಹೂಡಿದನು. ಹನ್ನೊಂದು ವರ್ಷಗಳ ಮೇಲೆ, ೧೮೫೭ನೆಯ ಮಾರ್ಚಿ ೬ರಂದು, ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯಲ್ಲಿ ಏಳು ಮಂದಿ ಅವನಿಗೆ ವಿರೋಧವಾಗಿ ನಿರ್ಣಯಿಸಿದರು. ಮುಖ್ಯ ನ್ಯಾಯಾಧಿಪತಿ ರೋಜರ್ ಟಾನಿಯ ತೀರ್ಪಿನಂತೆ, ಆಫ್ರಿಕಾ ಮೂಲದವರು ಆ ರಾಷ್ಟ್ರದ ಪೌರರಾಗಲಾರರು. ಪ್ರಾಂತವಿಷಯಕವಾದ ನಿಯಮವಾಕ್ಯವು ೧೭೮೭ರಲ್ಲಿ ರಾಷ್ಟ್ರದ ವಶದಲ್ಲಿದ್ದ ಭೂಮಿಗೆ ಮಾತ್ರ ಅನ್ವಯಿಸುವುದು. ದಾಸರಲ್ಲಿ ಸ್ವತ್ತಿನ ಹಕ್ಕನ್ನು ರಾಜ್ಯಾಂಗಶಾಸನವು ಸ್ಫುಟವಾಗಿಯೂ ವಾಚ್ಯವಾಗಿಯೂ ಸ್ಥಾಪಿಸಿರುವುದರಿಂದ ಅದನ್ನು ಕಳೆಯುವ ೧೮೨೦ರ ನಿಷೇಧವು ಅಸಿಂಧು. ಯಾವ ಶಬ್ದವನ್ನು ೧೭೮೭ರಲ್ಲಿ ಅಷ್ಟು ಶ್ರಮದಿಂದ ಹೊರಗಿಟ್ಟರೋ ಅದು ವಾಚ್ಯವಾಗಿ ಒಳಗಿದೆಯೆಂದು ಮುಖ್ಯ ನ್ಯಾಯಾಧಿಪತಿಯೇ ಹೇಳಿದಂತಾಯಿತು. ಭಿನ್ನಾಭಿಪ್ರಾಯವನ್ನು ಬರೆದವರು ಮೆಕ್ಲೀನನೂ ಕರ್ಟಿಸನೂ. ೧೭೮೭ಕ್ಕೆ ಮೊದಲೇ ಐದು ಸಂಸ್ಥಾನಗಳಲ್ಲಿ ಸ್ವತಂತ್ರರಾದ ಕರಿಯರಿಗೆ ಮತದಾನದ ಹಕ್ಕಿದ್ದುದನ್ನು ಕರ್ಟಿಸನು ತೋರಿಸಿದನು. ಸ್ಕಾಟನ ಕುಟುಂಬವು ತೀರ್ಪಿನಿಂದ ಬಿಡುಗಡೆಯಾಗದಿದ್ದರೂ, ಅವನ ಮೊದಲ ಒಡೆಯರ ಮನೆತನದವನೊಬ್ಬನಿಂದ ಅದೇ ವರ್ಷದ ಮೇ ತಿಂಗಳಲ್ಲಿ ಬಿಡುಗಡೆಯನ್ನು ಪಡೆಯಿತು. ೧೮೫೮ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡನು.

ಟಾನಿಯ ಆ ಎರಡು ಕ್ರಿಯಾವಿಶೇಷಣಗಳನ್ನು ಹಿಡಿದುಕೊಂಡವನು ಅಬ್ರಹಾಂ ಲಿಂಕನ್. ೧೮೬೦ನೆಯ ಫೆಬ್ರವರಿ ೨೭ರಂದು ನ್ಯೂಯಾರ್ಕಿನ ಕೂಪರ್ ವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ ಅವನು, ದಾಸನೆಂಬ ಪದವೂ ದಾಸ್ಯವೆಂಬ ಪದವೂ ಆ ಸಂಬಂಧದಲ್ಲಿ ಸ್ವತ್ತೆಂಬ ಪದವೂ ಶಾಸನದಲ್ಲಿಲ್ಲ, ಇರುವುದು ವ್ಯಕ್ತಿಶಬ್ದ, ಎಂದು ತೋರಿಸಿ, ರುಜು ಮಾಡಿದ ೩೯ ಮಂದಿಯಲ್ಲಿ ೨೧ ಮಂದಿಯು ಬೇರೆ ಬೇರೆ ಕಾಲಗಳಲ್ಲಿ ಪ್ರಾಂತಗಳ ದಾಸ್ಯವನ್ನು ನಿಯಂತ್ರಿಸುವ ಅಧಿಕಾರವು ರಾಷ್ಟ್ರಕ್ಕುಂಟೆಂಬುದಕ್ಕೆ ಅನುಗುಣವಾಗಿ ನಡೆದುಕೊಂಡದ್ದನ್ನು ಒಬ್ಬೊಬ್ಬನ ಹೆಸರನ್ನು ಹಿಡಿದು ಎಣಿಸಿದನು. ಅವನು ಡಗ್ಲಸನಷ್ಟು ದೂರ ಹೋಗಲಿಲ್ಲ. ಸಂಸ್ಥಾನಗಳೊಳಗಣ ದಾಸ್ಯವನ್ನು ಕಾಂಗ್ರೆಸ್ಸು ಮುಟ್ಟಲಾಗದೆಂದೇ ಅವನೂ ಒಪ್ಪಿದ್ದನು. ಆದರೂ ಅವನು ಅಧ್ಯಕ್ಷನಾಗಿ ಆರಿಸಿಬಂದುದೇ ದಕ್ಷಿಣದವರಿಗೆ ಸಾಕಾಯಿತು. ಬೇರೆಯಾಗಿ ಹೋದ ಅವರು ೧೮೬೧ನೆಯ ಮಾರ್ಚಿ ೧೧ರಂದು ತಮಗಾಗಿ ಒಂದು ರಾಜ್ಯಾಂಗಶಾಸನವನ್ನು ಮಾಡಿಕೊಂಡರು. ಅದರ ಬಹುಭಾಗವು ೧೭೮೭ರ ಪಾಠದ ಪ್ರತಿ. ಭೇದವಿದ್ದ ಮುಖ್ಯ ಸ್ಥಳಗಳಲ್ಲಿ ಇದೊಂದು: ನೀಗ್ರೋ ದಾಸರಲ್ಲಿ ಸ್ವತ್ತಿನ ಹಕ್ಕನ್ನು ಕುಂದಿಸುವ ಕಾನೂನನ್ನು ಮಾಡಕೂಡದೆಂದು ಅಲ್ಲಿ ನಿರ್ಲಜ್ಜವಾಗಿ ಬರೆದಿದೆ. ಮೂಲಶಾಸನದಲ್ಲಿ ಆ ಹಕ್ಕು ವಾಚ್ಯವಾಗಿಯೇ ಇದ್ದಿದ್ದರೆ ಈ ಸೇರ್ಪಡೆಯು ಬೇಕಾಗಿರಲಿಲ್ಲ.

ಯುದ್ಧದ ನಡುವೆ ೧೮೬೩ನೆಯ ಜನವರಿ ೧ರಂದು ಲಿಂಕನ್ನನು ಹೊರಡಿಸಿದ ವಿಮೋಚನಾಘೋಷಣೆಯು ಬಂಡೆದ್ದ ಪ್ರದೇಶಗಳಿಗೆ ಮಾತ್ರ ಸಂಬಂಧಿಸಿದ ಸೇನಾಜ್ಞೆ. ಶಾಸನದಲ್ಲಿಯೇ ಬದಲಾವಣೆಯಾದದ್ದು ಹದಿಮೂರನೆಯ ತಿದ್ದುಪಡಿಯಿಂದ. ಪ್ರತಿನಿಧಿಸಭೆಯಲ್ಲಿ ೧೮೬೫ನೆಯ ಜನವರಿ ೩೧ರಂದು ೧೧೯ಕ್ಕೆ ೫೬ ಮತಗಳಿಂದ ಅದು ಗೆದ್ದು, ಡಿಸೆಂಬರು ೬ರಂದು ಸಾಕಷ್ಟು ಸಂಸ್ಥಾನಗಳ ಒಪ್ಪಿಗೆಯನ್ನು ಪಡೆಯಿತು. ಸೆನೆಟ್ ಸಭೆಯಲ್ಲಿ ಚಾರ್ಲ್ಸ್ ಸಮ್ನರನು ಕಾನೂನಿನ ಮುಂದೆ ಸರ್ವರೂ ಸಮಾನರೆಂಬ ಫ್ರೆಂಚರ ರೀತಿಯ ಮಾತನ್ನು ಸೂಚಿಸಿದ್ದನು. ಇತರರು ಒಪ್ಪದೆ, ೧೭೮೭ರ ವಾಯವ್ಯಪ್ರಾಂತದ ಶಾಸನದ ಮಾತುಗಳನ್ನೇ ಎತ್ತಿಕೊಂಡರು. ಹೀಗೆ ದಾಸ್ಯವೆಂಬ ಶಬ್ದವು ರಾಜ್ಯಾಂಗಶಾಸನದೊಳಕ್ಕೆ ಮೊದಲನೆಯ ಬಾರಿಗೆ ಬಂದದ್ದು ನಿಷೇಧವಾಕ್ಯದಲ್ಲಿ. ಅದನ್ನು ನಡೆಸುವ ಅಧಿಕಾರವು ಕಾಂಗ್ರೆಸ್ಸಿಗೆ ಉಂಟೆಂದು ದ್ವಿತೀಯ ಖಂಡದಲ್ಲಿ ಕರ್ತೃಪದಸಹಿತವಾಗಿ ಹೇಳಿದೆ. ೧೮೬೮ರ ಹದಿನಾಲ್ಕನೆಯ ತಿದ್ದುಪಡಿಯು ಟಾನಿಯ ಪೌರತ್ವನಿರ್ಣಯವನ್ನೂ ಐದರಲ್ಲಿ ಮೂರರ ಎಣಿಕೆಯನ್ನೂ ತೊಡೆದುಹಾಕಿತು.

ಹಳೆಯ ಮಾತುಗಳನ್ನು ಎತ್ತಿಕೊಂಡುದರಿಂದ ಅವುಗಳೊಡನೆ ಅಪವಾದವೂ ಬಂದಿತು. ಅಪರಾಧಕ್ಕೆ ಶಿಕ್ಷೆಯಾಗಿ ಹೊರತು ಎಂಬ ಪದಸಮೂಹವು ೧೭೮೭ರಲ್ಲಿ ಜನವಿರಳವಾದ ಕಾಡುಪ್ರಾಂತಕ್ಕೆ ಬರೆದದ್ದು. ೧೮೬೫ರ ಅನಂತರ ಅದೇ ದಕ್ಷಿಣದ ಸಂಸ್ಥಾನಗಳಿಗೆ ಉಪಯೋಗಕ್ಕೆ ಬಂದಿತು. ಅಲೆಮಾರಿತನವೇ ಮೊದಲಾದ ಅಲ್ಪಾಪರಾಧಗಳಿಗೆ ಕರಿಯರನ್ನು ಹಿಡಿದು, ಕೈದಿಗಳನ್ನು ಗಣಿಗಳಿಗೂ ತೋಟಗಳಿಗೂ ರೈಲುಹಾದಿಯ ಕಂಟ್ರಾಕ್ಟುದಾರರಿಗೂ ಬಾಡಿಗೆಗೆ ಕೊಡುವ ಪದ್ಧತಿಯು ಬೆಳೆಯಿತು. ಅಲಬಾಮ ಸಂಸ್ಥಾನವು ಅದನ್ನು ೧೯೨೮ರವರೆಗೂ ನಡೆಸಿತು. ಉತ್ಸರ್ಗವನ್ನು ಅಪವಾದವು ನುಂಗಿದ ಈ ಪ್ರಸಂಗವು ಪೂರ್ತಿಯಾಗಿ ಮುಗಿದಿಲ್ಲ. ಕೊಲರಾಡೊ ಸಂಸ್ಥಾನದ ಮತದಾರರು ೨೦೧೮ರಲ್ಲಿಯೂ, ನೆಬ್ರಾಸ್ಕ ಮತ್ತು ಯೂಟಾ ಸಂಸ್ಥಾನಗಳವರು ೨೦೨೦ರಲ್ಲಿಯೂ ತಮ್ಮ ತಮ್ಮ ರಾಜ್ಯಾಂಗಶಾಸನಗಳಿಂದ ಆ ಅಪವಾದವನ್ನು ತೆಗೆದುಹಾಕಿದರು. ರಾಷ್ಟ್ರದ ಶಾಸನದಲ್ಲಿ ಅದು ಹಾಗೆಯೇ ಇದೆ. ಅಲ್ಲಿ ತಿದ್ದುಪಡಿಗಳನ್ನು ಕೊನೆಗೆ ಸೇರಿಸುವುದೇ ಹೊರತು ಹಳೆಯ ಪಾಠವನ್ನು ಅಳಿಸುವ ಪದ್ಧತಿಯಿಲ್ಲವಾದ್ದರಿಂದ, ಇತರ ವ್ಯಕ್ತಿಗಳು, ಒಳಗೆ ಬಿಟ್ಟುಕೊಳ್ಳುವುದು ಯುಕ್ತವೆಂದು ತೋರಿದ ವ್ಯಕ್ತಿಗಳು, ಸೇವೆಗೆ ಕಟ್ಟುಬಿದ್ದ ವ್ಯಕ್ತಿ, ಎಂಬ ಮೂರು ಬಳಸುಮಾತುಗಳೂ ಸತ್ವವನ್ನು ಕಳೆದುಕೊಂಡು ತಮ್ಮ ತಮ್ಮ ಸ್ಥಳದಲ್ಲಿ ಇಂದಿಗೂ ಅಚ್ಚಾಗುತ್ತಿವೆ.